ಅಪ್‌ಡೇಟ್: ಪೋಲೋ ಜಿಟಿಗೆ ಕೊನೆಗೂ 25 ಎಂಎಂ ಸ್ಪ್ರಿಂಗ್

ನನ್ನ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಕಾರಿನ ಎತ್ತರ ತಗ್ಗಿಸಲು, ಕಾಸರಗೋಡಿನ ರಸ್ತೆಗೆ 25 ಎಂಎಂ ಇಳಿಸುವ ಸ್ಪ್ರಿಂಗಾ, 40ರದ್ದಾ ಅಂತ ಕೇಳಿದ್ದೆನಲ್ಲ? 25ರ ಪ್ರೋಗ್ರೆಸಿವ್ (ಒತ್ತಿದಷ್ಟೂ ಗಟ್ಟಿಯಾಗುವ ಸ್ಪ್ರಿಂಗ್) ಹಾಕಿ ಎಂದವರ ಮಾತೇ ಸರಿಯಾಯ್ತು. 40 ಇಳಿಸಿದರೆ ಕಂಪನಿಯಿಂದ ಬಂದ ಶಾಕ್ ಅಬ್ಸಾರ್ಬರ್ ಸಣ್ಣ ರಸ್ತೆ ಉಬ್ಬಿಗೂ ಬಂಪ್ ಸ್ಟಾಪಿಗೆ (ಕೊನೆಯಲ್ಲಿ ತಡೆಯುವ ರಬ್ಬರ್ ತುಂಡಿಗೆ) ಹೋಗಿ ಕುಕ್ಕುತ್ತದೆ. ಹಳೇ ಸ್ಪ್ರಿಂಗ್ ಕತ್ತರಿಸುವ ಸಲಹೆ ಬೇಡವೇ ಬೇಡ ಮಾರಾಯ್ರೆ. ಜಾಕಿಯಲ್ಲಿ ಎತ್ತಿದಾಗ ಸ್ಪ್ರಿಂಗ್ ತಾನು ಕೂರುವ ಸೀಟಿನಿಂದ ಜಾರೀತು.

ಹಾಕಿದ ಮೇಲೂ ಮುಂಭಾಗ ಎತ್ತರವೇ ಇತ್ತು, ಜೊತೆಗೆ ಕಿರ್‌ಕಿರ್ ಬೇರೆ. ತಪ್ಪು ಸ್ಪ್ರಿಂಗಿನದ್ದಲ್ಲ! ಚಕ್ರ ನೇತಾಡುವಾಗಲೇ ಲೋವರ್ ಆರ್ಮ್ (ಚಕ್ರವನ್ನು ಗಾಡಿಗೆ ಜೋಡಿಸುವ ಕೆಳಗಿನ ತೋಳು) ಬೋಲ್ಟ್ ಬಿಗಿದಿದ್ದರು, ಅದರ ಕೀಲಿನ ರಬ್ಬರ್ ಬುಶ್ ತಿರುಚಿ ಗಾಡಿಯನ್ನು ಮೇಲಕ್ಕೆ ಹಿಡಿದಿತ್ತು. ಸಡಿಲಿಸಿ, ಗಾಡಿಯ ಭಾರ ಚಕ್ರದ ಮೇಲಿರುವಾಗ ಟಾರ್ಕ್ ರೆಂಚಿನಲ್ಲಿ (ಬಿಗಿತ ಅಳೆಯುವ ಪಾನಾ) ಬಿಗಿದದ್ದೇ ಎರಡೂ ಸರಿಹೋಯ್ತು. ವೀಲ್ ಅಲೈನ್‌ಮೆಂಟ್ ಮಾತ್ರ ಒಂದು ವಾರ ಓಡಿಸಿ, ಸ್ಪ್ರಿಂಗ್ ಕೂತ ಮೇಲೆ ಮಾಡಿಸಿ. ಟೋ (ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ತಪ್ಪಿದ್ದರೆ ಟೈರಿನ ಅಂಚು ಬೇಗ ಸವೆಯುತ್ತದೆ.