ಮಾಂಟ್ಗೊಮರಿ ಬಸ್ ಬಹಿಷ್ಕಾರ: 381 ದಿನ ನಡೆದದ್ದು ಹೇಗೆ?

ಪ್ರಶ್ನೆ: 1955ರ ಡಿಸೆಂಬರ್‌ನಲ್ಲಿ ಅಮೆರಿಕದ ಮಾಂಟ್ಗೊಮರಿ ನಗರದ ಬಸ್ಸಿನಲ್ಲಿ ಸೀಟು ಬಿಡದೆ ಬಂಧನಕ್ಕೊಳಗಾದ ಕಪ್ಪು ಮಹಿಳೆ ರೋಸಾ ಪಾರ್ಕ್ಸ್ ಬಿಳಿಯರ ಸೀಟಿನಲ್ಲೇ ಕೂತಿದ್ದರಾ? ಅದನ್ನು ಪ್ರತಿಭಟಿಸಿ ಬಸ್ ಹತ್ತುವುದನ್ನೇ ಬಿಟ್ಟ ಮೇಲೆ ಕಪ್ಪು ಜನ ಕೆಲಸಕ್ಕೆ ಹೋಗುತ್ತಿದ್ದುದು ಹೇಗೆ?

ಉತ್ತರ 1: ಇಲ್ಲ. 36 ಸೀಟುಗಳಲ್ಲಿ ಮುಂದಿನ 10 ಬಿಳಿಯರಿಗೆ. ಪಾರ್ಕ್ಸ್ ಕೂತಿದ್ದು ಅದರ ಹಿಂದಿನ ಸಾಲಿನಲ್ಲಿ. ಒಬ್ಬ ಬಿಳಿಯನಿಗೆ ಜಾಗ ಬೇಕೆಂದು ಚಾಲಕ ಆ ಸಾಲಿನ ನಾಲ್ವರನ್ನೂ ಏಳಿಸಲು ನೋಡಿದ. ಇದಕ್ಕಿಂತ ಹೀನಾಯವಾದದ್ದು ಹತ್ತುವ ಪದ್ಧತಿ: ಕಪ್ಪು ಜನ ಮುಂಬಾಗಿಲಲ್ಲಿ ದುಡ್ಡು ಕೊಟ್ಟು, ಇಳಿದು, ಹಿಂಬಾಗಿಲಿಗೆ ನಡೆಯಬೇಕಿತ್ತು. ಅಷ್ಟರಲ್ಲಿ ಬಸ್ ಹೊರಟೇಬಿಡುತ್ತಿದ್ದುದೂ ಉಂಟು.

ಉತ್ತರ 2: ಮೊದಲಿಗೆ ಕಪ್ಪು ಟ್ಯಾಕ್ಸಿ ಚಾಲಕರು ಬಸ್ಸಿನ ದರವಾದ 10 ಸೆಂಟಿಗೇ ಕರೆದೊಯ್ದರು. ನಗರಾಡಳಿತ ಕನಿಷ್ಠ ದರ 45 ಸೆಂಟ್ ಎಂಬ ನಿಯಮ ಹಿಡಿದು ಅದನ್ನು ತಡೆಯಿತು. ಆಮೇಲೆ ಜನರನ್ನು ಒಟ್ಟಾಗಿ ಕರೆದೊಯ್ಯಲು ಸುಮಾರು 300 ಕಾರುಗಳು, ಹತ್ತಲು ಇಳಿಯಲು ಗೊತ್ತಾದ ಜಾಗಗಳು. ಆ ಕಾರುಗಳ ವಿಮೆ ರದ್ದಾದಾಗ ಲಂಡನ್ನಿನ ಲಾಯ್ಡ್ಸ್‌ನಿಂದ ಹೊಸ ವಿಮೆ ತಂದರು. ಎಷ್ಟೋ ಜನ ನಡೆದೇ ಹೋದರು.

ಉತ್ತರ 3: ಒಂದು ಮಾತು ಸೇರಿಸುತ್ತೇನೆ. ಬಸ್ಸಿನಲ್ಲಿ ಕಪ್ಪು–ಬಿಳಿಯರನ್ನು ಬೇರೆ ಬೇರೆ ಕೂರಿಸುವ ಬೇರ್ಪಡಿಕೆಯನ್ನು ಮುರಿದದ್ದು ಪಾರ್ಕ್ಸ್ ಪ್ರಕರಣವಲ್ಲ, ಬ್ರೌಡರ್–ಗೇಲ್ ಮೊಕದ್ದಮೆ. ಪಾರ್ಕ್ಸ್ ಮೇಲ್ಮನವಿ ರಾಜ್ಯದ ಕೋರ್ಟುಗಳಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಹಾಗಾಗಿ ವಕೀಲರು ಬೇರೆ ಮಹಿಳೆಯರ ಹೆಸರಲ್ಲಿ ನೇರ ಫೆಡರಲ್ (ಕೇಂದ್ರದ) ಕೋರ್ಟಿಗೆ ಹೋದರು. ಅವರಲ್ಲಿ ಕ್ಲಾಡೆಟ್ ಕಾಲ್ವಿನ್ ಒಬ್ಬಳು. 1955ರ ಮಾರ್ಚ್‌ನಲ್ಲೇ, 15ನೇ ವಯಸ್ಸಿಗೆ, ಸೀಟು ಬಿಡದೆ ಬಂಧನಕ್ಕೊಳಗಾದವಳು. ಆ ಹೆಸರನ್ನೂ ಮಕ್ಕಳಿಗೆ ಹೇಳಿಕೊಡಿ.