ಅಪ್‌ಡೇಟ್: ಹೊಂಡಕ್ಕೆ ಮೈಲುತುತ್ತ ಹಾಕಿದ ಮೇಲೆ

ಕೃಷಿ ಹೊಂಡದ ಪಾಚಿಗೆ ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕಬಹುದೇ ಎಂದು ಕಳೆದ ತಿಂಗಳು ಇಲ್ಲಿ ಕೇಳಿದ್ದೆ. ಉತ್ತರಕ್ಕೆ ಕಾಯದೆ, ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ತಂದು ಉಳಿದಿದ್ದನ್ನು ಇಡೀ ಹೊಂಡಕ್ಕೆ ಒಮ್ಮೆಲೇ ಹಾಕಿಬಿಟ್ಟೆ. ಎರಡೇ ದಿನಕ್ಕೆ ಪಾಚಿ ಕಂದಿತು. ಮೂರನೆಯ ದಿನ ಬೆಳಗಿನ ಜಾವ ಕಾಟ್ಲಾ ಮೀನುಗಳು ನೀರಿನ ಮೇಲೆ ಬಾಯಿ ತೆರೆದು ಒದ್ದಾಡುತ್ತಿದ್ದವು. 19 ಸತ್ತವು. ನೋಡಲಾಗಲಿಲ್ಲ.

ಮೀನಿಗೆ ಅಪಾಯ ಎಂದು ಆಮೇಲೆ ಉತ್ತರದಲ್ಲಿ ನೀವು ಹೇಳಿದ್ದೇ ನಿಜ. ನಮ್ಮ ಮಲೆನಾಡಿನ ನೀರಿನಲ್ಲಿ ಸುಣ್ಣದಂಶ ಕಡಿಮೆ. ಅಂಥ ನೀರಿನಲ್ಲಿ ತಾಮ್ರ ಮೀನಿನ ಕಿವಿರುಗಳಿಗೆ ಇನ್ನೂ ಹೆಚ್ಚು ವಿಷ. ಸಾಲದ್ದಕ್ಕೆ, ಸತ್ತ ಪಾಚಿ ಕೊಳೆಯುತ್ತಾ ಆಮ್ಲಜನಕವನ್ನೂ ತಿಂದುಹಾಕಿತು. ಪಂಪಿನಿಂದ ನೀರು ಚಿಮ್ಮಿಸಿ ಉಳಿದವನ್ನು ಬದುಕಿಸಿಕೊಂಡೆ. ಈಗ ಪಾಚಿಯನ್ನು ಬಲೆಯಿಂದ ಎಳೆದು ತೆಗೆಯುತ್ತಿದ್ದೇನೆ. ಪಾಚಿಗೆ ಗೊಬ್ಬರವಾಗುವ ಕೊಟ್ಟಿಗೆ ತೊಳೆದ ನೀರು ಹೊಂಡ ಸೇರದಂತೆ ಕಾಲುವೆಯನ್ನೂ ತಿರುಗಿಸಿದ್ದೇನೆ. ತಾಮ್ರ ಮಾತ್ರ ತಳದ ಕೆಸರಿನಲ್ಲಿ ಕುಳಿತೇ ಇದೆ.