ಬಳ್ಳಾರಿಯೋ, ಹೊಸಪೇಟೆಯೋ? ನಡುವಿನ ಊರಿನಲ್ಲಿ ದುಡಿಯುವವನ ಪ್ರಶ್ನೆ

ಮೂರು ಪಾಳಿ (ತೋರಣಗಲ್ಲು) ಕೇಳಿದ್ದು:

ಸದಸ್ಯರೆಲ್ಲರಿಗೂ ನಮಸ್ಕಾರ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ನಾನು ಕೆಲಸಕ್ಕೆ ಸೇರಿ ಹದಿನಾಲ್ಕು ವರ್ಷಗಳಾದವು. ಅಂದಿನಿಂದಲೂ ಇಲ್ಲಿಯೇ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೇವೆ. ಗಂಗಾವತಿ ಹತ್ತಿರದ ನಮ್ಮ ಹಳ್ಳಿಯಲ್ಲಿ ಅಪ್ಪನಿಗೆ ಕಳೆದ ವರ್ಷ ಲಕ್ವ ಹೊಡೆದ ಮೇಲೆ ಅವರನ್ನೂ ಅವ್ವನನ್ನೂ ನಮ್ಮ ಬಳಿಗೇ ಕರೆತಂದೆವು. ಈಗ ಐದು ಜನರಾಗಿದ್ದೇವೆ; ರಾತ್ರಿ ಪಾಳಿ ಮುಗಿಸಿ ಬಂದವನಿಗೆ ಹಗಲಿನಲ್ಲಿ ಮಲಗಲು ಒಂದು ಮೂಲೆಯೂ ಸಿಗುವುದಿಲ್ಲ. ಮಗಳು ಒಂಬತ್ತನೆಯ ತರಗತಿಯಲ್ಲಿದ್ದಾಳೆ, ಹತ್ತನೆಯದು ಮುಗಿದೊಡನೆ ಪಿಯುಸಿ ವಿಜ್ಞಾನಕ್ಕೆ ಸೇರಿಸಬೇಕೆಂದಿದ್ದೇವೆ. ಹೆಂಡತಿ ಸಂಡೂರು ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಅವಳ ಶಾಲೆಗೆ ಎರಡೂ ಕಡೆಯಿಂದ ಬಸ್ಸಿರುವುದರಿಂದ ಅದೊಂದು ತೊಡಕಲ್ಲ.

ನಮ್ಮ ಊರು ಬಳ್ಳಾರಿ ಮತ್ತು ಹೊಸಪೇಟೆಗಳ ನಟ್ಟನಡುವೆ ಇದೆ. ಎರಡಕ್ಕೂ ಮೂವತ್ತು ಕಿಲೋಮೀಟರಿನ ಆಸುಪಾಸು ದೂರವಿರುವುದರಿಂದ ದೂರದ ಲೆಕ್ಕದಿಂದ ಏನೂ ತೀರ್ಮಾನವಾಗುತ್ತಿಲ್ಲ. ಕ್ಯಾಂಟೀನಿನಲ್ಲಿ ಈ ಮಾತು ತೆಗೆದರೆ ಬಳ್ಳಾರಿ ಜಿಲ್ಲೆ ಒಡೆದು ಹೊಸಪೇಟೆಯ ಕಡೆ ವಿಜಯನಗರ ಜಿಲ್ಲೆಯಾದ ಕಾಲದ ಜಗಳವೇ ಮತ್ತೆ ಶುರುವಾಗುತ್ತದೆ. ಬಳ್ಳಾರಿಯವರು ಹೊಸಪೇಟೆಯನ್ನು ಹಂಪಿಯ ಬಸ್ ನಿಲ್ದಾಣವೆನ್ನುತ್ತಾರೆ, ಹೊಸಪೇಟೆಯವರು ಬಳ್ಳಾರಿಗೆ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ, ಎಂದು ನಗುತ್ತಾರೆ. ಹೊಸಪೇಟೆಯಿಂದ ಕಮಲಾಪುರಕ್ಕೆ ಹೋಗುವ ಕಡೆ ಕಡಿಮೆ ಬೆಲೆಗೆ ಒಂದು ನಿವೇಶನವನ್ನೂ ಪರಿಚಿತರೊಬ್ಬರು ತೋರಿಸಿದ್ದಾರೆ. ಎರಡು ಊರುಗಳಲ್ಲಿ ಬಾಳಿ ಬಲ್ಲವರು ತಮ್ಮ ಅಭಿಪ್ರಾಯ ತಿಳಿಸಬೇಕೆಂದು ಕೋರುತ್ತೇನೆ.

ಕಾಲುವೆ ದಂಡೆ (ಹೊಸಪೇಟೆ):

ಹೊಸಪೇಟೆಗೆ ಬನ್ನಿ ಎಂದೇ ಹೇಳುತ್ತೇನೆ. ನಾನು ಸೊಸೆಯಾಗಿ ಬಳ್ಳಾರಿಯಿಂದ ಇಲ್ಲಿಗೆ ಬಂದವಳು, ಆದುದರಿಂದ ಇದು ಕೇವಲ ಊರಭಿಮಾನದ ಮಾತಲ್ಲ. ವಿಜಯನಗರದ ಅರಸರ ಕಾಲದ ರಾಯ ಕಾಲುವೆ, ಬಸವಣ್ಣ ಕಾಲುವೆಗಳು ಇಂದಿಗೂ ಹರಿಯುತ್ತಿರುವ ಕಾರಣ ಊರಂಚಿನಲ್ಲಿ ಬಾಳೆ, ಕಬ್ಬು, ತೆಂಗು ಉಳಿದಿವೆ; ಮೇ ತಿಂಗಳ ಬಿಸಿಲು ಎರಡೂ ಊರುಗಳಿಗೆ ಒಂದೇ ಆದರೂ ಸಂಜೆಯಾದ ಮೇಲೆ ಇಲ್ಲಿ ಗಾಳಿ ತಣ್ಣಗಾಗುತ್ತದೆ, ಬಳ್ಳಾರಿಯಲ್ಲಿ ಕಲ್ಲುಗುಡ್ಡ ಹಗಲೆಲ್ಲ ಕಾದು ರಾತ್ರಿಯಿಡೀ ಶಾಖ ಬಿಡುತ್ತದೆ. 2011ರ ಜನಗಣತಿಯ ಹೊತ್ತಿಗೆ ಬಳ್ಳಾರಿ ನಾಲ್ಕು ಲಕ್ಷ ದಾಟಿದ್ದಾಗ ಹೊಸಪೇಟೆ ಎರಡು ಲಕ್ಷದ ಆಸುಪಾಸಿನಲ್ಲಿತ್ತು. ಸಂತೆ, ದವಾಖಾನೆ, ಶಾಲೆ ಎಲ್ಲವೂ ಆಟೋದಲ್ಲಿ ಹತ್ತು ನಿಮಿಷದೊಳಗಿನ ದಾರಿ.

ಇನ್ನೊಂದು ವಿಷಯವನ್ನು ಗಂಗಾವತಿ ಕಡೆಯವರಾದ ತಮಗೆ ಬಿಡಿಸಿ ಹೇಳಬೇಕಾಗಿಲ್ಲ. ಬಳ್ಳಾರಿಯಿಂದ ತಮ್ಮೂರಿಗೆ ಕುರುಗೋಡು, ಕಂಪ್ಲಿ ದಾಟಿ ಹೋಗಬೇಕು; ತುಂಗಭದ್ರಾ ಜಲಾಶಯದಿಂದ ಲಕ್ಷ ಕ್ಯೂಸೆಕ್‌ಗೂ ಮಿಕ್ಕಿ ನೀರು ಬಿಟ್ಟರೆ ಕಂಪ್ಲಿಯ ಸೇತುವೆ ಮುಳುಗಿ ದಾರಿ ಬಂದಾಗುತ್ತದೆ. ಹೊಲದ ಕೆಲಸ ಜೋರಾಗಿರುವ ಆಗಸ್ಟ್ ತಿಂಗಳಲ್ಲಿಯೇ ಹೀಗಾಗುವುದು. ಹೊಸಪೇಟೆಯಿಂದಾದರೆ ಮುನಿರಾಬಾದಿನ ಮೇಲೆ ಹೋಗಬಹುದು.

ಸೊಳ್ಳೆಯ ಕಾಟ ಮಾತ್ರ ನಿಜ. ನೀರಿರುವಲ್ಲಿ ಅದು ತಪ್ಪದು. ವಾರಾಂತ್ಯದಲ್ಲಿ ಪ್ರವಾಸಿಗರ ವಾಹನಗಳು, ಅಣೆಕಟ್ಟಿನ ಗೇಟು ತೆರೆದ ದಿನಗಳಲ್ಲಂತೂ ಊರಿಗೆ ಊರೇ ರಸ್ತೆಯಲ್ಲಿರುತ್ತದೆ.

ಆ ಕಮಲಾಪುರದ ಕಡೆಯ ನಿವೇಶನಕ್ಕೆ ಮುಂಗಡ ಕೊಡುವ ಮೊದಲು ದಯವಿಟ್ಟು ನಿಲ್ಲಿ. ಹಂಪಿ 1986ರಿಂದ ವಿಶ್ವ ಪರಂಪರೆಯ ತಾಣ; ಅದರ ಸುತ್ತಲಿನ 29 ಗ್ರಾಮಗಳು ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿಗೆ ಬರುತ್ತವೆ. ಅಲ್ಲಿ ಪ್ರಾಧಿಕಾರದ ಅನುಮತಿಯಿಲ್ಲದೆ ಮನೆ ಕಟ್ಟುವಂತಿಲ್ಲ. ಅಗ್ಗದ ಬೆಲೆಯ ಹಿಂದೆ ಇದೇ ಕಾರಣವಿರಬಹುದು. ನಮ್ಮ ಸಂಬಂಧಿಕರೊಬ್ಬರು ಹೀಗೆಯೇ ಕೊಂಡ ಜಾಗದಲ್ಲಿ ಈಗ ಹುಣಸೆ ಗಿಡವೊಂದು ಚೆನ್ನಾಗಿ ಬೆಳೆದಿದೆ, ಮನೆ ಬೆಳೆದಿಲ್ಲ.

ಕೋಟೆ ಗುಡ್ಡದ ನೆರಳು (ಬಳ್ಳಾರಿ):

ಮೇಲಿನ ಸಹೋದರಿಯವರು ತವರನ್ನು ಇಷ್ಟು ಬೇಗ ಬಿಟ್ಟುಕೊಟ್ಟದ್ದಕ್ಕೆ ಬೇಸರವಾಯಿತು, ಆದರೆ ಬಿಸಿಲಿನ ಬಗ್ಗೆ ವಾದಿಸುವುದಿಲ್ಲ. ಹೊಸಪೇಟೆಯ ಬಾಳೆತೋಟ ಮಗಳಿಗೆ ಭೌತಶಾಸ್ತ್ರ ಕಲಿಸುವುದಿಲ್ಲವೆಂಬುದನ್ನಷ್ಟೇ ನೆನಪಿಸುತ್ತೇನೆ. ಪಿಯುಸಿ ವಿಜ್ಞಾನಕ್ಕೆ ಕಾಲೇಜು ಎರಡೂ ಕಡೆ ಇದೆ, ಎಂಜಿನಿಯರಿಂಗ್ ಕಾಲೇಜೂ ಎರಡೂ ಕಡೆ ಇದೆ. ಆದರೆ ನೀಟ್ ಮತ್ತು ಸಿಇಟಿ ತರಬೇತಿಯ ಆಯ್ಕೆ ಬಳ್ಳಾರಿಯಲ್ಲಿ ಹೆಚ್ಚು. 1961ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜು, 2010ರಲ್ಲಿ ಸ್ಥಾಪನೆಯಾದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ, ಇವೆರಡೂ ಇಲ್ಲಿಯೇ ಇರುವುದರಿಂದ ಅವಳು ಮನೆಯಿಂದಲೇ ಪದವಿಯವರೆಗೂ ಓದಬಹುದು. (ಕನ್ನಡ ಸಾಹಿತ್ಯದ ಸಂಶೋಧನೆ ಮಾಡುತ್ತಾಳೆಂದಾದರೆ ಸೋಲೊಪ್ಪಿದೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರ ಕಡೆಗಿದೆ.)

ತಮ್ಮ ತಂದೆಯವರ ವಿಷಯದಲ್ಲಿ ಇದು ಇನ್ನೂ ಮುಖ್ಯ. ಲಕ್ವ ಒಮ್ಮೆ ಹೊಡೆದವರಿಗೆ ಮತ್ತೆ ಹೊಡೆಯುವ ಸಂಭವವಿರುತ್ತದೆ, ಆಗ ಮೊದಲ ನಾಲ್ಕೂವರೆ ಗಂಟೆಯೊಳಗೆ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡಲು ಸಾಧ್ಯವೇ ಎಂದು ವೈದ್ಯರು ಮೊದಲು ಸಿ.ಟಿ. ಸ್ಕ್ಯಾನ್ ಮಾಡಿ ನೋಡುತ್ತಾರೆ. ನಾವೆಲ್ಲ ಇಂದಿಗೂ ವಿಮ್ಸ್ ಎಂದೇ ಕರೆಯುವ, ಆ ವೈದ್ಯಕೀಯ ಕಾಲೇಜಿನ ದೊಡ್ಡಾಸ್ಪತ್ರೆಯೂ ನರರೋಗ ತಜ್ಞರೂ ಇರುವ ಊರಿನಲ್ಲಿ ಮನೆಯಿದ್ದರೆ ಆ ಹೊತ್ತು ದಾರಿಯಲ್ಲಿ ಕಳೆದುಹೋಗುವುದಿಲ್ಲ. ಹೊಸಪೇಟೆಯವರು ಇಂಥ ಹೊತ್ತಿನಲ್ಲಿ ಒಂದೋ ಇತ್ತ ಬರುತ್ತಾರೆ, ಇಲ್ಲವೇ 2015ರಿಂದ ವೈದ್ಯಕೀಯ ಕಾಲೇಜು ಇರುವ ಕೊಪ್ಪಳಕ್ಕೆ ಹೋಗುತ್ತಾರೆ.

ನಮ್ಮ ಊರಿನ ದೊಡ್ಡ ಕುಂದು ನೀರು. ತುಂಗಭದ್ರಾ ಬಲದಂಡೆಯ ಕಾಲುವೆಯಲ್ಲಿ ನೀರಿರುವಾಗ ಅಲ್ಲಿಪುರದ ಕೆರೆ ತುಂಬಿಸಿಟ್ಟುಕೊಂಡು, ಕಾಲುವೆ ನಿಂತ ಮೇಲೆ ಅದನ್ನೇ ನಂಬಿ ಬೇಸಿಗೆ ಕಳೆಯುವ ಊರು ಇದು. ನಲ್ಲಿಗೆ ನೀರು ದಿನವೂ ಬರುವುದಿಲ್ಲ. ನಮ್ಮ ಬೀದಿಯಲ್ಲಿ ಕಳೆದ ಬೇಸಿಗೆಯಲ್ಲಿ ಒಮ್ಮೆ ಬಿಟ್ಟ ನೀರನ್ನು ಎಂಟು ಹತ್ತು ದಿನ ತೂಗಿಸಿಕೊಂಡೆವು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋದಾಗ, ರೈತರಿಗಿಂತ ಕಡಿಮೆಯೇನೂ ನಾವು ದಿಗಿಲುಬೀಳಲಿಲ್ಲ. ಅಣೆಕಟ್ಟು ಹೊಸಪೇಟೆಯ ಹಿತ್ತಲಿನಲ್ಲಿದ್ದರೂ ಅದರ ನೀರಿಗಾಗಿ ಹೆಚ್ಚು ತಲೆಕೆಡಿಸಿಕೊಳ್ಳುವವರು ಬಳ್ಳಾರಿಯವರು.

ದಿನಾ ಅರವತ್ತು ಕಿಲೋಮೀಟರು:

ಇಬ್ಬರೂ ಊರಿನ ಬಗ್ಗೆ ಬರೆದಿದ್ದೀರಿ. ಪ್ರಶ್ನೆ ಕೇಳಿದವರು ಬದುಕಿನ ಒಂದು ಭಾಗವನ್ನು ರಸ್ತೆಯ ಮೇಲೆಯೇ ಕಳೆಯುವವರಿದ್ದಾರೆ, ಆದುದರಿಂದ ಆ ರಸ್ತೆಯ ಬಗ್ಗೆಯೂ ಒಂದು ಮಾತು. ಆರು ವರ್ಷ ಹೊಸಪೇಟೆಯಿಂದ ಬೈಕಿನಲ್ಲಿ ಇದೇ ತೋರಣಗಲ್ಲಿಗೆ ಹೋಗಿ ಬಂದಿದ್ದೇನೆ. ಮೊದಲು 63 ಎನ್ನುತ್ತಿದ್ದ, ಈಗ 67 ಆಗಿರುವ ರಾಷ್ಟ್ರೀಯ ಹೆದ್ದಾರಿಯ ಈ ತುಂಡಿಗೆ ಸಂಖ್ಯೆ ಬದಲಾದಷ್ಟು ಸುಲಭವಾಗಿ ರಸ್ತೆ ಬದಲಾಗಲಿಲ್ಲ. ನಾಲ್ಕು ಪಥದ ಕಾಮಗಾರಿ ವರ್ಷಗಟ್ಟಲೆ ಕುಂಟಿತು. ಪಾಪಿನಾಯಕನಹಳ್ಳಿ, ಗಾದಿಗನೂರು ದಾಟುವಾಗ ಅದಿರು ಲಾರಿಗಳ ಸಾಲಿನ ಹಿಂದೆ ಸಿಕ್ಕಿಬಿದ್ದರೆ ಅಂಗಿಯ ಬಣ್ಣವೇ ಬೇರೆಯಾಗುತ್ತದೆ. ಬಳ್ಳಾರಿಯ ಕಡೆಯೂ ಸುಖವಿಲ್ಲ, ಅಲ್ಲಿ 1,700 ಮೆಗಾವಾಟಿನ ಕುಡಿತಿನಿಯ ಉಷ್ಣ ವಿದ್ಯುತ್ ಸ್ಥಾವರವಿದೆ, ಬೂದಿ ಸಾಗಿಸುವ ಲಾರಿಗಳಿವೆ.

ಯಾರೂ ಹೇಳದ ಸಂಗತಿಯೆಂದರೆ ಸೂರ್ಯ. ಹೊಸಪೇಟೆ ಪಡುವಣಕ್ಕಿದೆ, ಬಳ್ಳಾರಿ ಮೂಡಣಕ್ಕಿದೆ. ನಾನು ಸಾಮಾನ್ಯ ಪಾಳಿಯವನಾದ್ದರಿಂದ ಬೆಳಿಗ್ಗೆ ಹೋಗುವಾಗಲೂ ಸಂಜೆ ಬರುವಾಗಲೂ ಬಿಸಿಲು ನೇರ ಕಣ್ಣಿಗೇ ಹೊಡೆಯುತ್ತಿತ್ತು; ಬಳ್ಳಾರಿಯಿಂದ ಬರುವ ಸಹೋದ್ಯೋಗಿಗಳಿಗೆ ಎರಡು ಹೊತ್ತೂ ಅದು ಬೆನ್ನಿಗಿರುತ್ತಿತ್ತು. ತಮಗಾದರೆ ಲೆಕ್ಕ ತಿರುವುಮುರುವು. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಆರು ಗಂಟೆಯ ಮೇಲೆ ಬಳ್ಳಾರಿಯತ್ತ ಹೊರಟರೆ, ನಿದ್ದೆಗೆಟ್ಟ ಕಣ್ಣಿಗೆ ಆಗತಾನೇ ಹುಟ್ಟಿದ ಸೂರ್ಯ ಎದುರಾಗುತ್ತಾನೆ. ಈ ದಾರಿಯಲ್ಲಿ ನನ್ನ ಜೊತೆಗಾರನೊಬ್ಬ ನಿಂತ ಲಾರಿಗೆ ಬೈಕು ಗುದ್ದಿದ್ದು ಅಂಥ ಹೊತ್ತಿನಲ್ಲಿಯೇ. ಬದುಕಿಕೊಂಡ, ಆದರೆ ಕಾಲು ಇಂದಿಗೂ ಎಳೆಯುತ್ತದೆ. ಯಾವ ಊರನ್ನು ಆರಿಸಿದರೂ ರಾತ್ರಿ ಪಾಳಿಯ ವಾರದಲ್ಲಿ ಬಸ್ಸಿನಲ್ಲಿಯೇ ಓಡಾಡಿ.

ನಿವೃತ್ತ ಮುಖ್ಯೋಪಾಧ್ಯಾಯ (ಕುರುಗೋಡು):

ತಾವು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ ವಿಷಯವೇ ನನಗೆ ಇಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತಿದೆ. ತಮ್ಮ ಶ್ರೀಮತಿಯವರು ಸಂಡೂರು ತಾಲ್ಲೂಕಿನಲ್ಲಿ ಸರ್ಕಾರಿ ಶಿಕ್ಷಕಿ. 2021ರ ಫೆಬ್ರುವರಿಯಲ್ಲಿ ವಿಜಯನಗರ ಜಿಲ್ಲೆಯ ಅಧಿಸೂಚನೆ ಹೊರಟು, ಅದೇ ವರ್ಷ ಅಕ್ಟೋಬರ್ 2ರಂದು ಹೊಸ ಜಿಲ್ಲೆ ಉದ್ಘಾಟನೆಯಾದಾಗ ಹೊಸಪೇಟೆ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹೂವಿನಹಡಗಲಿ, ಹರಪನಹಳ್ಳಿಗಳು ಆ ಕಡೆಗೆ ಹೋದವು. ಬಳ್ಳಾರಿ, ಕುರುಗೋಡು, ಸಿರುಗುಪ್ಪ, ಕಂಪ್ಲಿ, ಸಂಡೂರು ಈ ಕಡೆ ಉಳಿದವು. ಪ್ರಾಥಮಿಕ ಶಾಲಾ ಶಿಕ್ಷಕರ ಜ್ಯೇಷ್ಠತೆಯ ಪಟ್ಟಿ ಜಿಲ್ಲೆಯದು. ಅವರು ಈಗ ಬಸ್ಸಿನಲ್ಲಿ ಹೋಗಿ ಬರಬಲ್ಲರು, ನಿಜ. ಆದರೆ ಐದಾರು ವರ್ಷಗಳ ನಂತರ, ಮಾವನವರ ಆರೈಕೆ ಹೆಚ್ಚಿದಾಗಲೋ ಶ್ರೀಮತಿಯವರಿಗೇ ಮಂಡಿನೋವು ಬಂದಾಗಲೋ, ಮನೆಯ ಹತ್ತಿರದ ಶಾಲೆ ಬೇಕೆನಿಸುತ್ತದೆ. ಮನೆ ಬಳ್ಳಾರಿಯಲ್ಲಿದ್ದರೆ ಅದು ಜಿಲ್ಲೆಯೊಳಗಿನ ವರ್ಗಾವಣೆ. ಮನೆ ಹೊಸಪೇಟೆಯಲ್ಲಿದ್ದರೆ ಅಂತರ ಜಿಲ್ಲಾ ವರ್ಗಾವಣೆ. ಅದು ಸಿಗುವುದೇ ಕಷ್ಟ, ಕೋರಿ ಪಡೆದರೂ ಹೊಸ ಜಿಲ್ಲೆಯ ಪಟ್ಟಿಯಲ್ಲಿ ಜ್ಯೇಷ್ಠತೆ ಕೈಬಿಟ್ಟುಹೋಗುತ್ತದೆ. ನನ್ನ ಸೇವಾವಧಿಯ ಕೊನೆಯಲ್ಲಿ ಇಂಥ ಅರ್ಜಿಗಳನ್ನು ಹಿಡಿದು ಅಲೆದವರನ್ನು ಸಾಕಷ್ಟು ನೋಡಿದ್ದೇನೆ. 2020ರಲ್ಲಿ ಅವರಿಗೆ ಹೊಸಪೇಟೆ ಮತ್ತು ಸಂಡೂರು ಒಂದೇ ಜಿಲ್ಲೆಯ ಎರಡು ತಾಲ್ಲೂಕುಗಳಾಗಿದ್ದವು.

ಗೆರೆ ಬಿದ್ದಾಗ ಮನೆ ಒಂದು ಕಡೆ, ಹೊಲ ಒಂದು ಕಡೆಯಾಗುವುದು ನಮ್ಮ ಸೀಮೆಗೆ ಹೊಸದಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿದಾಗ ಆದೋನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. ನಮ್ಮ ಅವ್ವನ ತವರು ಅಂದು ಹೊರರಾಜ್ಯವಾಯಿತು.

ಮಗಳ ಬಗ್ಗೆ ಒಂದು ಆತಂಕ ಬೇಡ. ಕಲ್ಯಾಣ ಕರ್ನಾಟಕದವರಿಗೆ ಓದು, ನೌಕರಿಗಳಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ಕಲಮಿನ ಸೌಲಭ್ಯ ಎರಡೂ ಜಿಲ್ಲೆಗಳಿಗೆ ಇದೆ, ಊರು ಬದಲಿಸಿದ್ದರಿಂದ ಅವಳ ಮೀಸಲಾತಿಗೆ ಧಕ್ಕೆಯಿಲ್ಲ.

ಮೂರು ಪಾಳಿ (ತೋರಣಗಲ್ಲು):

ಗುರುಗಳೇ, ತಮ್ಮ ಬರಹವನ್ನು ಮನೆಯಲ್ಲಿ ಓದಿ ಹೇಳಿದೆ. ‘ಅದೊಂದು ತೊಡಕಲ್ಲ’ ಎಂಬ ನನ್ನ ಮಾತನ್ನು ಹೆಂಡತಿ ಎರಡು ಸಲ ಓದಿಸಿದಳು. ವರ್ಗಾವಣೆಯ ವಿಷಯ ಅವಳಿಗೆ ಮೊದಲೇ ಗೊತ್ತಿತ್ತಂತೆ, ನಾನು ಕೇಳಿರಲಿಲ್ಲವಷ್ಟೇ. ಅಪ್ಪನಿಗೆ ಮಾತ್ರ ಹೊಸಪೇಟೆಯೇ ಇಷ್ಟ, ಕಾಲುವೆ ಕಣ್ಣಿಗೆ ಬೀಳದಿದ್ದರೆ ಅವರಿಗೆ ಊರು ಎನಿಸುವುದೇ ಇಲ್ಲ. ಕಮಲಾಪುರದ ಕಡೆಯ ನಿವೇಶನವನ್ನು ಬೇಡವೆಂದು ತಿಳಿಸಿದ್ದೇನೆ. ಮಗಳ ಪಿಯುಸಿ ಮುಗಿಯುವವರೆಗೆ ಬಳ್ಳಾರಿಯ ಕಂಟೋನ್ಮೆಂಟ್ ಕಡೆ ಬಾಡಿಗೆಗೆ ಇರುವುದೆಂದು ಮಾತಾಗಿದೆ, ಕೊಳ್ಳುವ ವಿಚಾರ ಆಮೇಲೆ. ಅಲ್ಲಿ ನೆಲಮಹಡಿಯ ಮನೆಯೊಂದನ್ನು ಭಾನುವಾರ ನೋಡಲಿದ್ದೇವೆ. ಬಳ್ಳಾರಿಯವರು ಅಲ್ಲಿ ಏನೇನು ವಿಚಾರಿಸಬೇಕೆಂದು ತಿಳಿಸಿದರೆ ಉಪಕಾರವಾಗುತ್ತದೆ.

ಕೋಟೆ ಗುಡ್ಡದ ನೆರಳು (ಬಳ್ಳಾರಿ):

ಬಾಡಿಗೆ ಕೇಳುವ ಮೊದಲು ಸಂಪು ಎಷ್ಟು ಲೀಟರಿನದು, ಅದು ನಿಮ್ಮೊಬ್ಬರಿಗೋ ಮೇಲಿನ ಮಹಡಿಯವರಿಗೂ ಸೇರಿಯೋ ಎಂದು ಕೇಳಿ. ಐದು ಜನರಿಗೆ ಐದು ಸಾವಿರ ಲೀಟರಿಗಿಂತ ಕಡಿಮೆಯಿದ್ದರೆ ಬೇಸಿಗೆಯಲ್ಲಿ ಟ್ಯಾಂಕರಿಗೆ ದುಡ್ಡು ತೆಗೆದಿಡಬೇಕಾಗುತ್ತದೆ. ಮಾಲೀಕರು ನೀರಿಗೆ ತೊಂದರೆಯಿಲ್ಲವೆಂದೇ ಹೇಳುತ್ತಾರೆ. ಬೀದಿಯ ತುದಿಯ ಕಿರಾಣಿ ಅಂಗಡಿಯಲ್ಲಿ ಏನಾದರೂ ಕೊಂಡು, ನೀರುಗಂಟಿ ಕೊನೆಯ ಸಲ ಯಾವ ದಿನ ನೀರು ಬಿಟ್ಟನೆಂದು ವಿಚಾರಿಸಿ. ಮತ್ತೆ, ತಾವು ಹಗಲು ಮಲಗುವ ಕೋಣೆಯ ಗೋಡೆ ಪಡುವಣಕ್ಕಿರದಂತೆ ನೋಡಿಕೊಳ್ಳಿ.